ಒಳಕೋಣೆಯ ಸಿಪಾಯಿ

ನನ್ನ ಮೊಮ್ಮಗಳು ಗೆದ್ದಳು! ಮದ್ರಾಸಿನ ಪೆರುಂಗುಡಿ ಕಡೆಯ ವಾರ್ಡಿಗೆ ಈಗ ಅವಳೇ ಕೌನ್ಸಿಲರ್. ತೊಂಬತ್ತು ತುಂಬಿದ ನನಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬಂದವರಿಗೆಲ್ಲ ಶೀರಾ ಕೊಟ್ಟೆ, ಪೋಸ್ಟಿನವನಿಗೆ ಎರಡು ಸಲ ಕೊಟ್ಟೆ, ಸೊಸೆಯ ಹತ್ತಿರ ಬೈಸಿಕೊಂಡೆ. ಮಗು ಹಾರ ಹಾಕಿಕೊಂಡೇ ಬಂದು ಕಾಲಿಗೆ ಬಿತ್ತು. ಆಮೇಲೆ ತಮಿಳಿನಲ್ಲಿ ಕೇಳಿತು. ಅದಕ್ಕೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಪಾಟಿ, ನಮ್ಮವರಲ್ಲಿ ಮೊದಲು ಯಾರಾದರೂ ರಾಜಕೀಯಕ್ಕೆ ಹೋಗಿದ್ದರಾ?"

ಹೋಗಿದ್ದರು, ಒಬ್ಬರು. ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ ಬರೆದಿಡುತ್ತೇನೆ, ನಿನ್ನಪ್ಪ ಓದಿ ಹೇಳಲಿ.

ಅವರು ನನ್ನ ಅಕ್ಕನ ಗಂಡ, ನನಗೆ ಭಾವ. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದವರು. ಬಂದೂಕು ಹಿಡಿದವರಲ್ಲ, ಉಗ್ರಾಣದಲ್ಲಿ ಬೇಳೆ ತೂಗಿದವರು. ಆ ಮನುಷ್ಯ ಕಣ್ಣಾರೆ ಕಂಡ ಶತ್ರು ಅಂದರೆ ಬೇಳೆಯೊಳಗಿನ ಹುಳ. ಆದರೆ ಮದ್ರಾಸಿಗೆ ಬಂದ ಮೇಲೆ ಮೀಸೆ ಬೆಳೆಯಿತು, ಮೀಸೆಯ ಜೊತೆ ಕಥೆಯೂ ಬೆಳೆಯಿತು. ಐವತ್ತರ ದಶಕ ಮುಗಿಯುತ್ತಾ ಬಂದಾಗ ಇವರೊಬ್ಬರೇ ಬರ್ಮಾ ಉಳಿಸಿದ್ದರು.

ಮೊದಲು ಕಾರ್ಪೊರೇಶನ್ನಿಗೆ ನಿಂತರು. ಯೂನಿಫಾರ್ಮ್ ಕಂಡರೆ ಜನ ಕೈ ಮುಗಿಯುವ ಕಾಲ, ಗೆದ್ದರು. ಗೆದ್ದು ಮಾಡಿದ್ದೆಂತ? ಬೀದಿಗೆ ಬಂದ ದೀಪದ ಕಂಬವನ್ನು ತಮ್ಮ ಮನೆಯ ಮುಂದೆ ನೆಡಿಸಿಕೊಂಡರು. ಕೊಳಾಯಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರನ್ನು ಸೀಟಿ ಊದಿ ಸಾಲು ಮಾಡಿಸಿದರು. ನೀರು ಬರಲಿಲ್ಲ. ಸಾಲು ಮಾತ್ರ ಬಹಳ ನೇರವಾಗಿತ್ತು.

ಇಷ್ಟಕ್ಕೇ ಅವರಿಗೆ ಅಸೆಂಬ್ಲಿಯ ಆಸೆ ಹುಟ್ಟಿತು. ಅಲ್ಲಿಂದ ನಮಗೆ ಗ್ರಹಚಾರ ಶುರು.

ಬಂದರಿನ ಹತ್ತಿರ ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು, ಹಿಂಬದಿಗೇ ಮನೆ. ಹೋಟೆಲು ನಡೆಯುತ್ತಿದ್ದದ್ದೇ ಬಂದರಿನಲ್ಲಿ ಮೂಟೆ ಹೊರುವವರಿಂದ. ಬೆಳಿಗ್ಗೆ ಅವರು ಇಡ್ಲಿಗೆ ಬಾರದಿದ್ದರೆ ನಮ್ಮ ಮಕ್ಕಳಿಗೆ ಗಂಜಿ. ಹೊರಗೆ ಬೆಂಚುಗಳಲ್ಲಿ ಅವರು ಕೂರುತ್ತಿದ್ದರು. ಒಳಗೊಂದು ಕೋಣೆ, ಅದರಲ್ಲಿ ನಮ್ಮ ಜನ ಮಡಿಯಲ್ಲಿ ಉಣ್ಣುವುದು. ಒಳಗೆ ಇಂಥವರಿಗೆ ಮಾತ್ರ ಅನ್ನುವ ಬೋರ್ಡು ಹೋಗಿ ವರ್ಷಗಳಾಗಿದ್ದವು, ಅಭ್ಯಾಸ ಹೋಗಿರಲಿಲ್ಲ.

ಭಾವನಿಗೆ ಆ ಮೂಟೆಯವರ ಓಟು ಬೇಕಾಯಿತು. ನಮ್ಮ ಹೋಟೆಲಿನಲ್ಲೇ ಅವರಿಗೆಲ್ಲ ಊಟ ಹಾಕಿಸುವುದೆಂದು ನಿಶ್ಚಯ ಮಾಡಿದರು. ನಮ್ಮನ್ನು ಕೇಳಲಿಲ್ಲ, ಆರ್ಡರು ಕೊಟ್ಟರು.

"ಭಾವ, ನೀವೂ ಅವರ ಜೊತೆಯೇ ಕೂತು ಉಣ್ಣುತ್ತೀರಲ್ಲ?" ಅಂತ ನಾನು ಕೇಳಿದೆ.

"ಸುಮ್ಮನಿರು ಮಾರಾಯ್ತಿ! ಸಿಪಾಯಿಗೆ ಎಂತ ಜಾತಿ? ಟ್ರೆಂಚಿನಲ್ಲಿ ಹತ್ತು ಜನ ಒಂದು ತಟ್ಟೆಯಲ್ಲಿ ಉಂಡವ ನಾನು."

ಭಾನುವಾರ ಬೆಂಚು ಎತ್ತಿಸಿ ನೆಲದಲ್ಲಿ ಎಲೆ ಹಾಕಿದೆವು. ಭಾವ ಇದನ್ನೇ ತಮಿಳಿನಲ್ಲಿ ಭಾಷಣ ಮಾಡಿ, ಮೂಟೆಯವರ ಮೇಸ್ತ್ರಿಯ ಪಕ್ಕದ ಎಲೆಗೆ ಕೂತರು. ಫೋಟೋದವನು ಬಲ್ಬು ಹೊಡೆದ. ಬೆಳಕು ಆರಿತೋ ಇಲ್ಲವೋ, ಇವರು ಎದ್ದು "ಈಗ ಬಂದೆ" ಅಂದರು, ಒಳಗೆ ಹೋದರು. ಅಂಗಿ ಬಿಚ್ಚಿದರು, ಮೈಮೇಲೆ ನೀರು ಹೊಯ್ದುಕೊಂಡರು, ಮಡಿ ಪಂಚೆ ಉಟ್ಟು ಒಳಕೋಣೆಯಲ್ಲಿ ನಮ್ಮವರ ಸಾಲಿನಲ್ಲಿ ಕೂತರು. ಬಾಗಿಲು ಹಾಕುವುದಕ್ಕೆ ಮಾತ್ರ ಮಹಾಶಯರಿಗೆ ನೆನಪಾಗಲಿಲ್ಲ.

ಹೊರಗೆ ಮೇಸ್ತ್ರಿ ಕೈ ಕಟ್ಟಿ ಕಾಯುತ್ತಿದ್ದ. ಪಕ್ಕದ ಎಲೆಯವರು ಬಾರದೆ ಉಣ್ಣುವುದು ಹೇಗೆ ಎಂಬ ಮರ್ಯಾದೆ ಅವನಿಗಿತ್ತು. ಅವನು ಕಾಯುವುದು ಕಂಡು ಸಾಲಿನಲ್ಲಿ ಯಾರೂ ಕೈ ಹಾಕಲಿಲ್ಲ. ಸಾರು ಬಡಿಸುತ್ತಿದ್ದವನು ಸರಿದಾಗ ಒಳಗೆ ಕಂಡಿತು. ಭಾವ ಎಲೆಯ ಸುತ್ತ ನೀರು ಬಿಟ್ಟು, ಪಕ್ಕದಲ್ಲಿ ಊಟಕ್ಕೆ ಮೊದಲು ಇಡುವ ಚಿತ್ರಾಹುತಿಯ ಅಗುಳು ಇಟ್ಟು, ಕಣ್ಣು ಮುಚ್ಚಿ ಮಂತ್ರ ಹೇಳುತ್ತಾ ಇದ್ದರು.

"ಸಾರ್, ನಿಮ್ಮ ಎಲೆ ಇಲ್ಲಿ ಉಂಟು," ಅಂತ ಮೇಸ್ತ್ರಿ ತಮಿಳಿನಲ್ಲಿ ಕೂಗಿದ.

ಭಾವ ಕಣ್ಣು ಬಿಟ್ಟರು. ಮಂತ್ರ ಹೇಳುವಾಗ ಮಾತಾಡಬಾರದಲ್ಲ, ಉಣ್ಣಿ ಉಣ್ಣಿ ಅಂತ ಎಡಗೈ ಬೀಸಿದರು. ನಾಯಿ ಓಡಿಸುವ ಹಾಗಿತ್ತು ಆ ಕೈ.

ಈ ಊರಿನಲ್ಲಿ ಉಂಡ ಎಲೆಯನ್ನು ನಮ್ಮ ಕಡೆಗೆ ಮಡಚಿದರೆ ಊಟ ತೃಪ್ತಿಯಾಯಿತು, ಇನ್ನೂ ಬರುತ್ತೇವೆ ಅಂತ. ಆಚೆ ಕಡೆಗೆ ಮಡಚುವುದು ಸಾವಿನ ಮನೆಯಲ್ಲಿ ಮಾತ್ರ. ಮೇಸ್ತ್ರಿ ಒಂದು ಅಗುಳೂ ಮುಟ್ಟದ ಎಲೆಯನ್ನು ಆಚೆಗೆ ಮಡಚಿದ. ಪಕ್ಕದವನು ಮಡಚಿದ. ಕೊನೆಯವರೆಗೂ ಮಡಚಿದರು, ಎದ್ದು ಹೋದರು. ನಾನು ಪಾಯಸದ ಪಾತ್ರೆಯನ್ನು ಒಲೆಯ ಪಕ್ಕಕ್ಕೇ ವಾಪಸು ಇಟ್ಟೆ.

ಭಾವ ಮಜ್ಜಿಗೆ ಅನ್ನದವರೆಗೂ ಉಂಡು, ತೇಗಿ, ಹೊರಗೆ ಬಂದು ನೋಡಿದರು. "ಶಿಸ್ತಿಲ್ಲದ ಜನ," ಅಂದರು.

ಮರುದಿನ ಬೆಳಿಗ್ಗೆ ಒಬ್ಬನೂ ಇಡ್ಲಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವರು, ಅಂದರೆ ನಿನ್ನ ಅಜ್ಜ, ಗಲ್ಲಾದಲ್ಲಿ ಕೂತು ಬೀದಿ ನೋಡುವುದು, ನಾನು ಹುಳಿಬಂದ ಹಿಟ್ಟು ನೋಡುವುದು. ಕೊನೆಗೆ ನಾನೇ ಹೇಳಿದೆ: "ಭಾವನ ಬಾಯಿಮಾತು ಬಿಡಿ. ನೀವು ಎಲ್ಲಿ ಉಣ್ಣುತ್ತೀರಿ, ಅದನ್ನು ಹೇಳಿ."

ಇವರು ಎದ್ದರು. ಹೋಗಿ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಹೊರಗಿನ ಬೆಂಚಿನಲ್ಲಿ ಎರಡು ಎಲೆ ಹಾಕಿಸಿದರು, ಬೀದಿಗೆ ಕಾಣುವ ಹಾಗೆ. ಅಂಗಿಯಲ್ಲೇ ಕೂತು ಎಲೆಗೆ ನೀರು ಸುತ್ತಿದರು, ಅಗುಳು ಇಟ್ಟರು. ನೀರು ಮೇಸ್ತ್ರಿಯ ಮೊಣಕೈಗೆ ಸಿಡಿಯಿತು.

"ಏನಣ್ಣಾ ಇದು?"

"ದೇವರ ಲೆಕ್ಕದ್ದು. ಅಭ್ಯಾಸ, ಬಿಡಲಿಕ್ಕೆ ಆಗುವುದಿಲ್ಲ."

"ಇಷ್ಟೇಯಾ?" ಮೇಸ್ತ್ರಿ ಬಿದ್ದು ಬಿದ್ದು ನಕ್ಕ. "ಇದಕ್ಕೆ ಆ ಮಿಲಿಟರಿ ಯಾಕೆ ಒಳಗೆ ಓಡಿದ್ದು? ಬಾಂಬು ಬಿತ್ತು ಅಂದುಕೊಂಡನಾ?"

ಉಂಡ. ಎಲೆಯನ್ನು ತನ್ನ ಕಡೆಗೆ ಮಡಚಿದ. ಒಲೆಯ ಹತ್ತಿರ ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೇಬಿಟ್ಟೆ. ಮಾರನೇ ದಿನ ಇಡ್ಲಿ ಸಾಲಲಿಲ್ಲ.

ಭಾವ ಸೋತರು. ಸೋಲು ಅಂದರೆ ಡಿಪಾಜಿಟ್ಟೂ ಬರಲಿಲ್ಲ. ಸುದ್ದಿ ಬಂದ ಸಂಜೆ ಪದಕ ಹಾಕಿಕೊಂಡೇ ಹಿಂದಿನ ಬಾಗಿಲಿನಿಂದ ಬಂದು ಒಳಕೋಣೆಯಲ್ಲಿ ಕೂತು, "ದ್ರೋಹ! ಬೆನ್ನಿಗೆ ಗುಂಡು! ಒಂದು ಕಾಫಿ ಕೊಡು," ಅಂದರು.

"ಒಳಗೆ ಸಪ್ಲೈ ಇಲ್ಲ ಭಾವ. ಹೊರಗೆ ಬೆಂಚಿಗೆ ಬನ್ನಿ, ಬಿಸಿಬಿಸಿ ಕೊಡುತ್ತೇನೆ."

ಹೊರಗೆ ಮೂಟೆಯವರು ತುಂಬಿದ್ದರು. ಬರ್ಮಾ ಉಳಿಸಿದ ವೀರ ಬಾಗಿಲಿನ ಸಂದಿನಿಂದ ಒಮ್ಮೆ ಇಣುಕಿದರು. ಕಾಫಿ ಕುಡಿಯದೆ ಬಂದ ಬಾಗಿಲಿನಿಂದಲೇ ಹೋದರು.