ಅತ್ತೆಯ ಆರನೆಯ ಲೆಕ್ಕ

ನಮ್ಮ ಅತ್ತೆಯ ಎಡಗೈಯ ಹೊರಬದಿ, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಸದಾ ಪೆನ್ಸಿಲಿನ ಮಸಿ ಮೆತ್ತಿ ಬೂದುಬಣ್ಣಕ್ಕೆ ತಿರುಗಿರುತ್ತಿತ್ತು. ಅವರು ಎಡಚರು. ಬರೆದ ಸಾಲಿನ ಮೇಲೆಯೇ ಕೈ ಉಜ್ಜಿಕೊಂಡು ಮುಂದೆ ಹೋಗುತ್ತಿತ್ತು. ಊಟ ಬಡಿಸುವುದು, ದೇವರಿಗೆ ಹೂ ಏರಿಸುವುದು ಬಲಗೈಯಲ್ಲಿ. ಲೆಕ್ಕ ಮಾತ್ರ ಎಡಗೈಯಲ್ಲಿ. "ಬಲಗೈ ನಿಮ್ಮ ಮಾವನ ಮನೆಯೋರು ಕಲಿಸಿದ್ದು ಕಣಮ್ಮ. ಎಡಗೈ ನಂದೇ," ಅನ್ನುತ್ತಿದ್ದರು.

ಅರವತ್ತೆರಡನೆಯ ವಯಸ್ಸಿನಲ್ಲಿ ಅವರು ಕಾಲೇಜು ಸೇರಿದರು. ಬಿಎಸ್ಸಿ ಮೊದಲ ವರ್ಷವನ್ನು ಮದುವೆಗೋಸ್ಕರ ಅರ್ಧಕ್ಕೇ ಬಿಟ್ಟವರು. ಮಾವ ತೀರಿಕೊಂಡ ಮೇಲೆ ಮಂಡ್ಯದಿಂದ ತಮಿಳು ಸೀಮೆಗೆ, ಅಡ್ಯಾರಿನ ನಮ್ಮ ಫ್ಲ್ಯಾಟಿಗೆ ಬಂದು ಎರಡು ವರ್ಷವಾಗಿತ್ತು. ವಯಸ್ಸಿನ ಮಿತಿ ಇಲ್ಲದೆ, ಮನೆಯಲ್ಲೇ ಕುಳಿತು ಓದಬಹುದಾದ ಒಂದು ಗಣಿತದ ಕೋರ್ಸಿಗೆ ಅರ್ಜಿ ತುಂಬಿದವಳು ನಾನೇ. ಪುಣ್ಯಕ್ಕಲ್ಲ ಬಿಡಿ. ನಾನು ಆಫೀಸಿನ ಕಾಲ್‌ನಲ್ಲಿರುವಾಗಲೇ ಬಂದು "ಸಾರಿಗೆ ಏನು ಹಾಕ್ಲಿ?" ಎಂದು ಕೇಳುತ್ತಿದ್ದರಲ್ಲ, ಆ ಕಾಟ ತಪ್ಪಲಿ ಅಂತ.

ವಾರಕ್ಕೆ ಆರು ಲೆಕ್ಕ. ಉತ್ತರವನ್ನು ಕಾಲೇಜಿನ ವೆಬ್‌ಸೈಟಿನಲ್ಲಿ ಟೈಪ್ ಮಾಡಬೇಕು. ಬಿಡಿಸಿದ ಬಗೆಯನ್ನು ಕೈಯಲ್ಲಿ ಬರೆದು, ಫೋನಿನಲ್ಲಿ ಫೋಟೋ ತೆಗೆದು ಅದನ್ನೂ ಹಾಕಬೇಕು. ಒಂದು ಲೆಕ್ಕಕ್ಕೆ ಒಂದೇ ಸಲ, ಹಾಕಿದ್ದನ್ನು ಬದಲಿಸುವಂತಿಲ್ಲ. ಬುಧವಾರ ಸಂಜೆ ಐದು ಗಂಟೆ ಹೊಡೆದರೆ ಮುಗಿಯಿತು, ಆಮೇಲೆ ತೆಗೆದುಕೊಳ್ಳುವುದಿಲ್ಲ. ನನ್ನ ಮಗಳು ಸ್ಕೂಲಿನಿಂದ ಬಂದು ಊಟದ ಮೇಜಿನ ಈ ಕಡೆ ಕೂರುತ್ತಿದ್ದಳು, ಅತ್ತೆ ಆ ಕಡೆ. "ಅಜ್ಜಿ, ಹೋಂವರ್ಕ್ ಮುಡಿಚ್ಚಿಟ್ಟಿಯಾ?" ಎಂದು ಅವಳು ತಮಿಳಿನಲ್ಲಿ ಗದರಿದರೆ, "ಇಲ್ಲ ಕಂದ, ಇನ್ನೂ ಒಂದೈತೆ," ಎಂದು ಅತ್ತೆ ಹೆದರಿದವರಂತೆ ನಟಿಸುತ್ತಿದ್ದರು.

ಕಂಪ್ಯೂಟರಿನ ಜೊತೆ ಅವರ ಜಗಳ ನೋಡಬೇಕಿತ್ತು. ಒಮ್ಮೆ ಉತ್ತರ ಅರ್ಧ ಎಂದಿತ್ತು. ಅತ್ತೆ 0.5 ಎಂದು ಹಾಕಿದರು. ಅದಕ್ಕೆ 1/2 ಎಂದೇ ಬೇಕಿತ್ತಂತೆ, ಕೆಂಪು ಗುರುತು ಹಾಕಿಬಿಟ್ಟಿತು. "ಅರ್ಧ ಲೋಟ ಕಾಫಿ ಅಂದ್ರೂ ಅಷ್ಟೇ, ಲೋಟದಲ್ಲಿ ಅರ್ಧ ಕಾಫಿ ಅಂದ್ರೂ ಅಷ್ಟೇ. ಇದಕ್ಕೇನು ಬಂದದೆ ರೋಗ?" ಎಂದು ಕೂಗಾಡಿ, ಪಾಠ ಹೇಳುವ ಮೇಡಂಗೆ ಫೋನ್ ಮಾಡಿಸಿದರು. ನನಗಿಂತ ಚಿಕ್ಕ ವಯಸ್ಸಿನ ತಮಿಳು ಹುಡುಗಿ ಆಕೆ. ನಗುತ್ತಾ "ಅಮ್ಮಾ, ನೀಂಗ ಸೊಲ್ರದು ಸರಿದಾನ್," ಎಂದು ಒಪ್ಪಿಕೊಂಡಳು. "ಅಪ್ಪೊ ಮಾರ್ಕ್ ಕುಡುಮ್ಮಾ," ಎಂದರು ಅತ್ತೆ. ಕೊಟ್ಟಳು. ಹಾಗೇ ಆಕೆ ಇನ್ನೊಂದು ಕೇಳಿದಳು: ಪ್ರತಿ ಲೆಕ್ಕದ ಕೊನೆಗೆ ನೀವು ಬರೆಯುವ ಆ ಚಿಹ್ನೆ ಯಾವುದು, ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ ಎಂದು. ಅತ್ತೆಗೆ ನಗು ತಡೆಯಲಾಗಲಿಲ್ಲ. ಅದು ಚಿಹ್ನೆಯಲ್ಲ, ಕನ್ನಡ. ಲೆಕ್ಕ ತಾವೇ ಬಿಡಿಸಿ, ತಾಳೆ ನೋಡಿ, ಸರಿ ಎನಿಸಿದ ಮೇಲೆ ಕೆಳಗೆ "ಆಯ್ತು" ಎಂದು ಬರೆಯುತ್ತಿದ್ದರು. ತಾಳೆಯಾಗದಿದ್ದರೆ ಪ್ರಾಣ ಹೋದರೂ ಬರೆಯುತ್ತಿರಲಿಲ್ಲ.

ಹತ್ತನೆಯ ವಾರದ ಆರನೆಯ ಲೆಕ್ಕ ಅವರನ್ನು ಹಿಡಿದು ಅಲ್ಲಾಡಿಸಿತು. ಹದಿನಾರು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಒಂದು ರಟ್ಟು. ನಾಲ್ಕು ಮೂಲೆಗಳಲ್ಲೂ ಒಂದೇ ಅಳತೆಯ ಚೌಕ ಕತ್ತರಿಸಿ, ಅಂಚು ಮೇಲಕ್ಕೆ ಮಡಚಿದರೆ ಮುಚ್ಚಳವಿಲ್ಲದ ಪೆಟ್ಟಿಗೆಯಾಗುತ್ತದೆ. ಎಷ್ಟು ಕತ್ತರಿಸಿದರೆ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಹಿಡಿಸುತ್ತದೆ? ಅತ್ತೆ ಟಿ. ನಗರದ ಸೀರೆ ಅಂಗಡಿಯ ರಟ್ಟಿನ ಡಬ್ಬಗಳನ್ನೆಲ್ಲ ಕತ್ತರಿಸಿ ಪೆಟ್ಟಿಗೆ ಮಾಡಿದರು. ಒಂದು ಸೆಂಟಿಮೀಟರಿನದು, ಎರಡರದು, ಮೂರರದು. ಎಲ್ಲಕ್ಕೂ ತೊಗರಿಬೇಳೆ ಸುರಿದು ಅಳೆದರು. ಎರಡರದರಲ್ಲೇ ಹೆಚ್ಚು ಹಿಡಿಸಿತು.

"ಮತ್ತೇನು, ಎರಡು ಅಂತ ಹಾಕಿ ಮುಗಿಸಿ ಅತ್ತೆ," ಎಂದೆ.

"ಬೇಳೆ ಹೇಳ್ತದೆ ಎರಡು ಅಂತ. ಲೆಕ್ಕ ಹೇಳ್ತಿಲ್ವಲ್ಲ."

ಕಾಗದದ ಮೇಲೆ ಪ್ರತಿ ಸಲವೂ ವರ್ಗಮೂಲದೊಳಗೆ ಮೈನಸ್ ಬಂದು ನಿಲ್ಲುತ್ತಿತ್ತು. ಅಂದರೆ ಉತ್ತರವೇ ಇಲ್ಲ ಅಂತ. ನಾಲ್ಕು ದಿನ ಅದೇ. ಕೋಯಂಬೇಡು ಮಾರ್ಕೆಟ್ಟಿನಿಂದ ತಂದ ಅವರೆಕಾಯಿ ಸುಲಿಯುತ್ತಾ ಬಾಯಲ್ಲಿ ಅದೇ ಲೆಕ್ಕ. ನಾನು ಫೋನಿನಲ್ಲಿ ತೋರಿಸಲು ಹೋದರೆ ಕಣ್ಣು ಮುಚ್ಚಿಕೊಂಡು "ತೋರಿಸ್ಬೇಡ, ತೋರಿಸ್ಬೇಡ," ಎಂದು ಮುಖ ತಿರುಗಿಸಿದರು. "ಎಲ್ಲೋ ಒಂದು ಕಡೆ ನಾನೇ ತಪ್ಪಿದೀನಿ. ಎಲ್ಲಿ ಅಂತ ನಂಗೇ ಸಿಗ್ಬೇಕು."

ಸೋಮವಾರ ಬೆಳಗ್ಗೆ ಅವರಿಗೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಸೇರಿಸಿದೆವು. ಹೃದಯದ್ದೇ ತೊಂದರೆ ಎಂದರು. ನೋಟ್‌ಬುಕ್ ತಂದುಕೊಡು ಎಂದು ಎರಡು ದಿನ ಅಂಗಲಾಚಿದರು. "ಸುಮ್ನೆ ಮಲಗಿ ಅತ್ತೆ, ಓದಿ ಕಲೆಕ್ಟರ್ ಆಗ್ಬೇಕಾ?" ಎಂದು ರೇಗಿದೆ. ನನ್ನ ಬಾಯಿ ಅಂಥದ್ದು.

ಬುಧವಾರ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತಿದ್ದಾಗ ನೆನಪಾಯಿತು, ಐದಕ್ಕೆ ಕೊನೆ. ಹತ್ತು ವಾರ ಒಂದೂ ತಪ್ಪಿಸದೆ ಬಂದವರು. ನನ್ನ ಕೆಲಸವೇ ಅಂಥದ್ದು ನೋಡಿ, ಗಡುವು ಎಂದರೆ ಮೈಮೇಲೆ ಬಂದ ಹಾಗೆ ಆಡುತ್ತೇನೆ. ಅವರ ಪಾಸ್‌ವರ್ಡ್ ಇಟ್ಟವಳೂ ನಾನೇ. ಮೊದಲ ಐದನ್ನು ಅವರು ಆಗಲೇ ಹಾಕಿದ್ದರು. ಆರನೆಯದಕ್ಕೆ 2 ಎಂದು ಒತ್ತಿದೆ. ಹಸಿರು ಗುರುತು ಬಂತು. ಬಿಡಿಸುವ ಬಗೆಯನ್ನು ಫೋನಿನಲ್ಲಿ ಹುಡುಕಿ, ಹಾಳೆಯೊಂದರ ಮೇಲೆ ನಕಲು ಮಾಡಿ, ಅದರ ಫೋಟೋನೂ ಹಾಕಿಬಿಟ್ಟೆ. ದೊಡ್ಡ ಉಪಕಾರ ಮಾಡಿದವಳಂತೆ ಒಂದು ಕಾಫಿ ಕುಡಿದು ಮೇಲೆ ಹೋದೆ.

ವಾರ್ಡಿನ ಬಾಗಿಲಲ್ಲೇ ನರ್ಸ್ ಹೇಳಿದಳು: "ಉಂಗ ಮಾಮಿಯಾರ್ ಪೇನಾ ಕೇಟ್ಟಾಂಗ. ಕುಡುತ್ತೇನ್." ಪೆನ್ನು ಕೇಳಿದರು, ಕೊಟ್ಟೆ ಎಂದು. ಯಾವುದೋ ಫಾರಂಗೆ ಸಹಿ ಮಾಡಲಿಕ್ಕಿರಬೇಕು ಎಂದುಕೊಂಡೆ. ಅತ್ತೆ ದಿಂಬಿಗೆ ಒರಗಿ ಕುಳಿತಿದ್ದರು. ಮೂರು ದಿನದಲ್ಲಿ ಮೊದಲ ಸಲ ಮುಖದಲ್ಲಿ ಕಳೆ ಇತ್ತು.

"ಟೈಮೆಷ್ಟಾಯ್ತಮ್ಮ?"

"ಐದಕ್ಕೆ ಇನ್ನೂ ಕಾಲು ಗಂಟೆ ಇದೆ. ಯಾಕೆ?"

"ಹಂಗಾದ್ರೆ ನಿನ್ನ ಫೋನು ಕೊಡು. ಆ ಆರನೇದು..."

"ಅಯ್ಯೋ, ಅದರ ಚಿಂತೆ ಬಿಡಿ. ನಾನು ಹಾಕಾಯ್ತು. ಫುಲ್ ಮಾರ್ಕ್ಸ್!"

ಅವರು ನನ್ನ ಮುಖವನ್ನೇ ನೋಡಿದರು. "ಹಾಕ್ಬಿಟ್ಯಾ?" ಎಂದರು, ಅಷ್ಟೇ. ತೊಡೆಯ ಮೇಲಿದ್ದ ಯಾವುದೋ ಹಾಳೆಯನ್ನು ಮಡಚಿ ದಿಂಬಿನಡಿ ಇಟ್ಟರು. ಎಡಗೈಯ ಬದಿಯೆಲ್ಲ ನೀಲಿ ಶಾಯಿ. "ಏನಿದು, ಮಗು ಥರ," ಎಂದು ಗೊಣಗುತ್ತಾ ಒದ್ದೆ ಬಟ್ಟೆ ತಂದು ತಿಕ್ಕಿ ತಿಕ್ಕಿ ಒರೆಸಿದೆ. ಕೈ ಕೊಟ್ಟುಕೊಂಡು ಕುಳಿತಿದ್ದರು. ಸುಸ್ತಾಗಿದೆ ಪಾಪ ಎಂದುಕೊಂಡೆ.

ಮನೆಗೆ ಬಂದ ಮಾರನೆಯ ದಿನವೇ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮೇಡಂಗೆ ಮೇಲ್ ಕಳಿಸಿದರು. ಆರನೆಯ ಲೆಕ್ಕ ನಾನು ಕಳಿಸಿದ್ದಲ್ಲ, ಅದರ ಅಂಕ ತೆಗೆದುಬಿಡಿ ಎಂದು. ಆಕೆ ತೆಗೆದಳು. ಆಸ್ಪತ್ರೆಯಲ್ಲಿದ್ದೀರಿ ಎಂದು ಒಂದು ಸಾಲು ತಿಳಿಸಿದ್ದರೆ ಒಂದು ವಾರ ಹೆಚ್ಚಿಗೆ ಕೊಡುತ್ತಿದ್ದೆನಲ್ಲ ಅಮ್ಮಾ ಎಂದೂ ಬರೆದಿದ್ದಳು. ನನಗೆ ಅದು ಹೊಳೆದೇ ಇರಲಿಲ್ಲ. ತಪ್ಪು ನನ್ನದಾದಾಗ ನನಗೆ ಕೋಪ ಬೇಗ ಬರುತ್ತದೆ.

"ನಿಮಗೋಸ್ಕರ ತಾನೇ ನಾನು ಒದ್ದಾಡಿದ್ದು? ಬೇಳೆ ಅಳೆದು ನೀವೇ ಹೇಳಿದ್ರಲ್ಲ ಎರಡು ಅಂತ! ಬಂದ ಮಾರ್ಕ್ಸ್ ಯಾರಾದ್ರೂ ವಾಪಸ್ ಕೊಡ್ತಾರಾ?"

"ನಂಗೋಸ್ಕರನೇ ಕಣಮ್ಮ, ಗೊತ್ತು," ಎಂದರು ಅತ್ತೆ. "ಎರಡು ಅಂತ ನಂಗೂ ಗೊತ್ತಾಗಿತ್ತು. ಬಿಡು, ಹೋಗ್ಲಿ. ಕಾಫಿ ಕುಡಿತೀಯಾ?"

ನಾನು ಒಂದು ವಾರ ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಅವರು ಹನ್ನೊಂದನೆಯ ವಾರದ ಲೆಕ್ಕ ಮಾಡಿದರು, ಹನ್ನೆರಡನೆಯದನ್ನೂ ಮಾಡಿದರು. ಪರೀಕ್ಷೆಗೆ ಹತ್ತು ದಿನವಿದ್ದಾಗ, ಒಂದು ಬೆಳಗ್ಗೆ, ಊಟದ ಮೇಜಿನ ಅದೇ ಕುರ್ಚಿಯಲ್ಲಿ ಕುಳಿತಂತೆಯೇ ಹೋಗಿಬಿಟ್ಟರು. ನಾನು ಪಕ್ಕದ ಕೋಣೆಯಲ್ಲಿ ಕಾಲ್‌ನಲ್ಲಿದ್ದೆ.

ತಿಂಗಳಾದ ಮೇಲೆ ನನ್ನ ಗಂಡ ತನ್ನ ಹೃದಯದ ತಪಾಸಣೆಗೆ ಹೊರಟಾಗ, ತಾಯಿಯ ರಿಪೋರ್ಟುಗಳನ್ನೂ ತನ್ನಿ ಎಂದು ಡಾಕ್ಟರು ಹೇಳಿದ್ದರು. ಫೈಲು ಬಿಚ್ಚಿದೆ. ಇಸಿಜಿಯ ಹಾಳೆಯೊಂದು ನಾಲ್ಕು ಮಡಿಕೆಯಾಗಿತ್ತು. ಬಿಡಿಸಿ ತಿರುಗಿಸಿದರೆ ಹಿಂಬದಿಯಲ್ಲಿ ನೀಲಿ ಶಾಯಿಯ ಲೆಕ್ಕ. ಮೂರನೆಯ ಸಾಲಿನಲ್ಲಿ 42 ಎಂದಿದ್ದನ್ನು ಹೊಡೆದು ಪಕ್ಕದಲ್ಲಿ 52 ಎಂದು ಬರೆದಿದ್ದರು. ಇಪ್ಪತ್ತೂ ಮೂವತ್ತೆರಡೂ ಕೂಡುವಲ್ಲಿ ಹತ್ತು ಬಿಟ್ಟುಹೋಗಿತ್ತು. ಅಷ್ಟೇ, ಒಂದು ಕೂಡುವ ತಪ್ಪು. ಅಲ್ಲಿಂದ ಮುಂದೆ ಎಲ್ಲವೂ ಸಲೀಸು. ಕೊನೆಯಲ್ಲಿ ಎರಡು ಉತ್ತರ. ಒಂದಕ್ಕೆ ಅಡ್ಡಗೆರೆ ಎಳೆದು "ಇಷ್ಟು ಕತ್ತರಿಸಿದರೆ ರಟ್ಟೇ ಉಳಿಯದು" ಎಂದು ಬರೆದಿದ್ದರು. ಇನ್ನೊಂದು 2. ಅದರ ಕೆಳಗೆ ಎರಡು ಗೆರೆ, ಅದರ ಕೆಳಗೆ "ಆಯ್ತು".

ಅಯ್ಯೋ ನನ್ನ ಹಾಳು ಬುದ್ಧಿಯೇ! ಐದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಅದಕ್ಕೇ ಟೈಮು ಕೇಳಿದ್ದು. ಅದಕ್ಕೇ ಮುಖದಲ್ಲಿ ಆ ಕಳೆ. ಆಮೇಲಾದರೂ ಹೇಳಬಹುದಿತ್ತಲ್ಲ ಅತ್ತೆ? ನಾನು ಅಷ್ಟು ರೇಗಾಡಿದಾಗ ಈ ಹಾಳೆಯನ್ನು ನನ್ನ ಮುಖದ ಮೇಲೆ ಎಸೆಯಬಹುದಿತ್ತು. ಸ್ವಂತ ಬಿಡಿಸಿದ ಲೆಕ್ಕಕ್ಕೆ ತಾವೇ ಕೇಳಿ ಸೊನ್ನೆ ತೆಗೆದುಕೊಂಡರು, ನನಗೆ ಕಾಫಿ ಬೇಕಾ ಎಂದು ಕೇಳಿದರು.

ಎರಡು ಸೆಂಟಿಮೀಟರಿನ ಆ ರಟ್ಟಿನ ಪೆಟ್ಟಿಗೆ ಈಗಲೂ ಅಡುಗೆಮನೆಯ ಕಟ್ಟೆಯ ಮೇಲಿದೆ, ಅದರಲ್ಲಿ ತೊಗರಿಬೇಳೆಯೂ ಹಾಗೇ ಇದೆ. ಇಸಿಜಿಯ ಹಾಳೆಯನ್ನು ಡಾಕ್ಟರಿಗೆ ಕೊಡಲಿಲ್ಲ, ಅದರ ಜೆರಾಕ್ಸ್ ಕೊಟ್ಟೆ. ಆ ಹಾಳೆಯಲ್ಲಿ ಪ್ರತಿ ಸಾಲಿನ ಮೇಲೂ ಅತ್ತೆಯ ಎಡಗೈ ಉಜ್ಜಿಕೊಂಡು ಹೋದ ನೀಲಿ ಗುರುತಿದೆ. ಅವರ ಕೈಯಲ್ಲೂ ಇತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದವಳು ನಾನು.