ಉಡಿ ತುಂಬಿದ ಸಭೆ

ಫಲಾನುಭವಿ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ. ಎರಡು ವರ್ಷ ಆ ಮಾತನ್ನು ದಿನಾ ಬರೆದವಳು ನಾನೇ. ಬಾಗಲಕೋಟೆಯ ನವನಗರದಲ್ಲಿ, ಒಂದು ಬಾಡಿಗೆ ಕಟ್ಟಡದ ಮಹಡಿಯ ಮೇಲೆ ನಮ್ಮ ಆಫೀಸಿತ್ತು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಕಡೆ, ರಸ್ತೆ ಬಿಟ್ಟು ಒಳಗಿರುವ ಒಂದು ಊರಿಗೆ ಸೋಲಾರ್ ಘಟಕ ಬರುವುದಿತ್ತು. ಬಂದರೆ ಊರಿನವರಿಗೆ ಏನೇನು ಸಿಗಬೇಕು ಎಂದು ಅವರನ್ನೇ ಕೇಳಿ, ಬರೆದು, ಮೇಲಿನವರಿಗೆ ಒಪ್ಪಿಸುವುದು ನನ್ನ ಗುತ್ತಿಗೆ ಕೆಲಸ. ಆ ಕಾಗದಕ್ಕೆ ‘ಸ್ಥಳೀಯ ಪ್ರಯೋಜನ ಯೋಜನೆ’ ಎಂದು ಹೆಸರು. ಹೆಸರು ಮಾತ್ರ ಬಲು ಚಂದ.

ಬಿಸಿಲಿನಿಂದ ಕರೆಂಟು ತೆಗೆಯುವುದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಳೆಗೆ ಬರ ಬಂದೀತು, ಬಿಸಿಲಿಗೆ ಬರಲಾರದು. ನಮ್ಮ ಮನೆಯ ಮಾಳಿಗೆಯ ಮೇಲೂ ಪ್ಯಾನೆಲ್ಲು ಹಾಕಿಸಿದ್ದೇವೆ, ಫ್ಯಾನು ತಿರುಗುತ್ತದೆ, ಸಂತೋಷ. ನನಗೆ ಹೇಸಿಗೆ ಬಂದಿರುವುದು ಬಿಸಿಲಿನ ಮೇಲಲ್ಲ. ಅದನ್ನು ಹಂಚಲು ಕುಳಿತವರ ಮೇಲೆ, ಆ ಪಂಕ್ತಿಯಲ್ಲಿ ಕುಳಿತಿದ್ದ ನನ್ನ ಮೇಲೆ.

ಆ ಊರು ನನ್ನ ಚಿಕ್ಕವ್ವನದು, ಅಂದರೆ ನಮ್ಮವ್ವನ ತಂಗಿಯ ಗಂಡನ ಊರು. ನನಗೆ ಕೆಲಸ ಸಿಕ್ಕಿದ್ದೂ ಅದಕ್ಕೇ. ‘ಲೋಕಲ್ ಸಂಪರ್ಕ ಇದೆಯಾ?’ ಎಂದು ಸಂದರ್ಶನದಲ್ಲಿ ಕೇಳಿದಾಗ ನಾನು ಚಿಕ್ಕವ್ವನ ಹೆಸರು ಹೇಳಿ ಬೀಗಿದ್ದೆ. ನೇಕಾರರ ಮನೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಚಿಕ್ಕವ್ವನ ಗಂಡ, ನಮ್ಮ ಕಾಕಾ, ಸೀರೆ ನೇಯುತ್ತಾರೆ. ಚಿಕ್ಕವ್ವ ಮತ್ತು ಅವಳ ನೆಗೆಣ್ಣಿ, ಕಾಕಾನ ತೀರಿಹೋದ ಅಣ್ಣನ ಹೆಂಡತಿ, ಇಬ್ಬರೂ ಸೇರಿ ಊರಿನ ಮಗ್ಗಗಳಿಗೆಲ್ಲ ಹಾಸು ತಯಾರಿಸಿ ಕೊಡುತ್ತಾರೆ. ನೇಯುವ ಮೊದಲು ಉದ್ದಕ್ಕೆ ಹೂಡುವ ಎಳೆಗಳಿಗೆ ಹಾಸು ಅನ್ನುತ್ತೇವೆ. ಅದಕ್ಕೆ ಗಂಜಿ ಹಚ್ಚಿ, ಉಜ್ಜಿ, ಎಳೆ ಎಳೆ ಬಿಡಿಸಿ ಒಣಗಿಸದಿದ್ದರೆ ಮಗ್ಗಕ್ಕೆ ಏರಿಸಿದ ಕೂಡಲೇ ಪಟಪಟ ಹರಿಯುತ್ತದೆ.

ಅದಕ್ಕೆ ಜಾಗ ಬೇಕು. ನಾಲ್ಕಾರು ಸೀರೆಯ ನೂಲನ್ನು ಒಂದೇ ಸಲ ಎಳೆದು ಕಟ್ಟುವಷ್ಟು ಉದ್ದದ, ನೆರಳಿರುವ, ಗಾಳಿಯ ಹೊಡೆತ ಇಲ್ಲದ ಜಾಗ. ಊರ ಹೊರಗೆ ಎರಡು ಸಾಲು ಬೇವಿನ ಮರಗಳ ನಡುವೆ ಅಂಥದ್ದೊಂದು ಸರಕಾರಿ ಬಯಲು ಇತ್ತು. ಕೆಲಸ ನಡೆಯುವುದು ನಸುಕಿನಲ್ಲಿ. ಬಿಸಿಲು ಏರಿತೋ, ಗಂಜಿ ಬೇಗ ಒಣಗಿ ಎಳೆಗಳು ಕಡ್ಡಿಯಾಗುತ್ತವೆ. ಹಾಗಾಗಿ ಎಂಟು ಗಂಟೆಗೆಲ್ಲ ಗೂಟ ಕಿತ್ತು, ಹಾಸು ಸುತ್ತಿಕೊಂಡು ಎಲ್ಲರೂ ಮನೆ ಸೇರುತ್ತಾರೆ.

ಸರ್ವೇ ಮಾಡುವವರು ಜೀಪಿನಲ್ಲಿ ಬಂದದ್ದು ಹನ್ನೊಂದೂವರೆಗೆ. ಬೇವಿನ ನೆರಳಿನಲ್ಲಿ ನಿಂತು ಮಸಾಲಿ ಮಂಡಕ್ಕಿ ತಿಂದರು, ಕಾಗದ ಅಲ್ಲೇ ಎಸೆದರು, ನಕ್ಷೆಯ ಮೇಲೆ ‘ಬಳಕೆಯಲ್ಲಿಲ್ಲದ ಭೂಮಿ’ ಎಂದು ಬರೆದರು. ಸಣ್ಣವಳಿದ್ದಾಗ ರಜೆಗೆ ಬಂದಾಗಲೆಲ್ಲ ಆ ಬಯಲಿನಲ್ಲಿ ಗಂಜಿಯ ವಾಸನೆ ಕುಡಿದ ನಾನು ಪಕ್ಕದಲ್ಲೇ ನಿಂತಿದ್ದೆ. ನನಗೂ ಒಂದು ಪೊಟ್ಟಣ ಕೊಟ್ಟಿದ್ದರು.

ಆಫೀಸಿಗೆ ಬಂದ ಮೇಲೆ ನಮ್ಮ ಸಾಹೇಬರಿಗೆ ಹೇಳಿದೆ. ಅವರು ಬೆಂಗಳೂರು ಕಡೆಯವರು, ಎಂದೂ ದನಿ ಏರಿಸದ ಮನುಷ್ಯ. “ನೋಡಿ ಮೇಡಂ, ನೀವು ಹೇಳಿದ್ದನ್ನು ನಾನು ಬರೆಯೋಕಾಗಲ್ಲ. ಊರಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಹೇಳಲಿ, ನಡಾವಳಿಯಲ್ಲಿ ಬರಲಿ. ಆ ತುಂಡು ಬಿಟ್ಟುಬಿಡೋಣ. ನಮಗೇನು, ಬೇಕಾದಷ್ಟು ಜಾಗ ಇದೆ” ಅಂದರು. ಒಂದು ಮಾತು, ಒಬ್ಬರ ಬಾಯಿಂದ. ಇಷ್ಟೇನಾ ಅಂತ ನಾನು ಅದೇ ಭಾನುವಾರ ಊರಿಗೆ ಹೋದೆ.

“ಅಷ್ಟ ಹೌದಿಲ್ಲೋ?” ಅಂದಳು ಚಿಕ್ಕವ್ವ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ. “ನಾ ಎದ್ದ ನಿಂತು ಹೇಳ್ತೇನಿ. ಹಾಸು ಹಾಕೂ ಜಾಗಾ ಬಿಟ್ಟು ಎಲ್ಲೆರ ಹಾಕ್ಕೊಳ್ರಿ ನಿಮ್ಮ ಸೋಲಾರ ಅಂತೇನಿ. ನನಗೇನು ಅಂಜಿಕಿ?”

ಅವಳಿಗೆ ಅಂಜಿಕೆ ಇರಲಿಲ್ಲ, ಅದು ಖರೆ. ಇಳಕಲ್ಲಿನ ಸೀರೆ ವ್ಯಾಪಾರಿಗಳ ಗದ್ದಿಗೆಯ ಮುಂದೆ ನಿಂತು ಜಗಳಾಡಿ ಬಂದವಳು ಅವಳು.

ಸಭೆ ಎರಡು ಸಲ ಕರೆದರು, ಎರಡು ಸಲವೂ ಬರೀ ಗಂಡಸರು ಬಂದರು. ಹೆಣ್ಣುಮಕ್ಕಳ ಹಾಜರಿ ಇಲ್ಲದಿದ್ದರೆ ಸಭೆ ಲೆಕ್ಕಕ್ಕಿಲ್ಲ ಎಂದು ನಿಯಮ. ಚಿಕ್ಕವ್ವ ಒಬ್ಬಳೇ ಗಂಡಸರ ನಡುವೆ ಬಂದು ಕೂರಲಾರಳು. ಸಾಹೇಬರಿಗೆ ಮೇಲಿನಿಂದ ಫೋನಿನ ಮೇಲೆ ಫೋನು. “ನಿಮ್ಮ ಕಡೆ ಹೆಂಗಸರು ಯಾವುದಕ್ಕೆ ಬರ್ತಾರೆ ಮೇಡಂ?” ಎಂದು ನನ್ನನ್ನು ಕೇಳಿದರು.

“ಉಡಿ ತುಂಬ್ತೀವಿ ಅಂದ್ರ ಬರ್ತಾರ್ರಿ ಸರ್. ನಿಮ್ಮ ಕಡೆ ಮಡಿಲು ತುಂಬೂದು ಅಂತಾರಲ್ರಿ, ಅದು” ಅಂದೆ.

ಆ ಬುದ್ಧಿ ಯಾರದೂ ಅಲ್ಲ, ನನ್ನದು. ಎಲ್ಲರೂ ನನ್ನ ಬೆನ್ನು ತಟ್ಟಿದರು. ‘ಸ್ಥಳೀಯ ಸಂಸ್ಕೃತಿಗೆ ಗೌರವ’ ಎಂದು ವರದಿಯಲ್ಲಿ ಒಂದು ತಲೆಬರಹವೇ ಹುಟ್ಟಿತು. ಸೋಲಾರ್ ಕಂಪನಿಯವರು ಗುಳೇದಗುಡ್ಡದಿಂದ ಕುಪ್ಪಸದ ಖಣಗಳ ಗಂಟು ತರಿಸಿದರು. ಒಂದೊಂದು ಖಣಕ್ಕೂ ಸೂರ್ಯನ ಚಿತ್ರವಿದ್ದ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಎಲ್ಲ ಬಂತು. ಉಡಿ ತುಂಬಲು ಮುತ್ತೈದೆಯ ಕೈ ಬೇಕಲ್ಲ, ಆ ಕೈ ನನ್ನದೇ ಆಯಿತು.

ಊರಿನ ಕನ್ನಡ ಸಾಲಿಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಹೆಣ್ಣುಮಕ್ಕಳು ಕಪಾಟಿನ ಸೀರೆ ಉಟ್ಟುಕೊಂಡು ಬಂದರು. ಸಾಲಾಗಿ ಬರುವುದು, ಸೆರಗು ಒಡ್ಡುವುದು, ನಾನು ತುಂಬುವುದು, ಪಕ್ಕದ ಮೇಜಿನ ಮೇಲಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಹೋಗಿ ಕೂರುವುದು. ಗಂಡ ತೀರಿದವರನ್ನು ಯಾರೂ ಆ ಸರದಿಗೆ ಕರೆಯಲಿಲ್ಲ. ಅವರು ತಾವಾಗಿಯೇ ಹಿಂದೆ, ಸಾಲಿಯ ಕಟ್ಟೆಯ ಮೇಲೆ ಕುಳಿತರು. ಬೆಳಗಾದರೆ ಶರಣರ ಹೆಸರು ಹೇಳಿ ವಿಭೂತಿ ಹಚ್ಚಿಕೊಳ್ಳುವ ಮನೆಗಳವರೇ ಎಲ್ಲ. ಮೇಲು ಕೀಳು ಇಲ್ಲ, ಮಡಿ ಮೈಲಿಗೆ ಇಲ್ಲ ಅಂತ ಬಾಯಿಪಾಠ ಮಾಡಿಕೊಂಡವರು. ನಮ್ಮ ಆ ಬಾಯಿಗಿಷ್ಟು ಬೂದಿ ಬೀಳಲಿ.

ಚಿಕ್ಕವ್ವ ಬಂದಳು. ಸೆರಗು ಒಡ್ಡಿದಳು. ಅಕ್ಕಿ ಹಾಕುವಾಗ ನನ್ನ ಮುಖ ನೋಡಿ ನಕ್ಕಳು. ಯಾರೋ ಫೋಟೋ ತೆಗೆದರು.

ಆಮೇಲೆ ಭಾಷಣಗಳಾದವು. ಸೂರ್ಯ ನಮ್ಮೆಲ್ಲರ ತಂದೆ ಅಂದರು ಒಬ್ಬರು. ನಿಮ್ಮ ಊರು ದೇಶಕ್ಕೇ ಬೆಳಕು ಅಂದರು ಇನ್ನೊಬ್ಬರು. ವೇದಿಕೆಯ ಮೇಲೆ ಶಾಲು, ಹಾರ, ನೀರಿನ ಬಾಟಲಿ, ಕೆಳಗೆ ಸೆಕೆಗೆ ಒದ್ದಾಡುವ ಕೂಸುಗಳು. ಕೊನೆಗೆ ಸಾಹೇಬರು ಮೈಕು ಹಿಡಿದು, ಯಾರಿಗಾದರೂ ಆಕ್ಷೇಪಣೆ ಇದೆಯಾ ಎಂದು ಕೇಳಿದರು.

ನಾನು ಚಿಕ್ಕವ್ವನ ಕಡೆ ನೋಡಿದೆ. ಅವಳು ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಕುಳಿತಿದ್ದಳು. ತಲೆ ತಗ್ಗಿಸಿದಳು. ಸಾಹೇಬರು ಮತ್ತೊಮ್ಮೆ ಕೇಳಿದರು. ಮುಂದಿನ ಸಾಲುಗಳಲ್ಲಿ ಒಬ್ಬಳೂ ಮಿಸುಕಲಿಲ್ಲ. ಆಗ ನನಗೆ ನೆನಪಾಯಿತು. ತುಂಬಿದ ಉಡಿ ಮಡಿಲಲ್ಲಿ ಇರುವ ತನಕ, ತುಂಬಿದವರಿಗೆ ಎದುರು ಮಾತು ಆಡಬಾರದು. ನಮ್ಮ ಅಜ್ಜಿ ನಮಗೆ ಕಲಿಸಿದ್ದು ಇದೇ, ಚಿಕ್ಕವ್ವನಿಗೂ ನನಗೂ ಇಬ್ಬರಿಗೂ. ತವರಿನಿಂದ ಹೊರಡುವ ಮಗಳು ಎಷ್ಟು ಸಿಟ್ಟಿದ್ದರೂ ಉಡಿ ತುಂಬಿದ ಮೇಲೆ ಬಾಯಿ ಬಿಡುವುದಿಲ್ಲ. ನಾನು ಪಟ್ಟಣದಲ್ಲಿ ಇದ್ದು ಇದ್ದು ಅದನ್ನು ಮರೆತಿದ್ದೆ. ಅವಳು ಮರೆತಿರಲಿಲ್ಲ.

ಹಿಂದಿನಿಂದ ದನಿ ಬಂತು. ಚಿಕ್ಕವ್ವನ ನೆಗೆಣ್ಣಿ ಕಟ್ಟೆ ಇಳಿದು ನಿಂತಿದ್ದಳು. “ಸಾಹೇಬ್ರ, ನನಗ ಯಾರೂ ಉಡಿ ತುಂಬಿಲ್ರಿ. ಅದಕ್ಕ ನಾ ಮಾತಾಡ್ತೇನಿ. ಬೇವಿನ ಗಿಡದ ಬಯಲಾಗ ನಾವು ಹಾಸು ಹಾಕ್ತೇವಿ. ಅದೊಂದು ಬಿಟ್ಟುಬಿಡ್ರಿ, ಉಳದದ್ದು ಏನರ ಮಾಡ್ಕೊಳ್ರಿ.”

ಆ ಮಾತು ಇಡೀ ಪೆಂಡಾಲಿಗೆ ಕೇಳಿಸಿತು. ಸಾಹೇಬರು ಮೈಕಿನ ಬಾಯಿ ಮುಚ್ಚಿ ನನ್ನ ಕಡೆ ಬಾಗಿದರು. “ಹಾಜರಿ ಪುಸ್ತಕದಲ್ಲಿ ಇವರ ಸಹಿ ಇದೆಯಾ ಮೇಡಂ?”

ನಾನು ಪುಟ ತಿರುವಿದೆ. ಇಲ್ಲವೆಂದು ಗೊತ್ತಿದ್ದೂ ತಿರುವಿದೆ. ಪೆನ್ನು ನನ್ನ ಕೈಯಲ್ಲೇ ಇತ್ತು. ಹತ್ತು ಹೆಜ್ಜೆ ನಡೆದು ಅವಳ ಮುಂದೆ ಪುಸ್ತಕ ಹಿಡಿದಿದ್ದರೆ ಮುಗಿಯುತ್ತಿತ್ತು. “ಇಲ್ಲ ಸರ್” ಅಂದೆ. ಮುಂದಿನ ತಿಂಗಳು ನನ್ನ ಗುತ್ತಿಗೆ ನವೀಕರಣ ಆಗಬೇಕಿತ್ತು, ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

“ಹಾಜರಿಲ್ಲದವರ ಅಭಿಪ್ರಾಯ ನಡಾವಳಿಗೆ ಬರಲ್ಲ ಅಮ್ಮಾ, ಕೂತ್ಕೊಳ್ಳಿ” ಎಂದು ಸಾಹೇಬರು ಮೈಕಿನಲ್ಲಿ ಬಹಳ ಮೆತ್ತಗೆ ಹೇಳಿದರು. ಕಣ್ಣ ಮುಂದೆ ನಿಂತಿದ್ದವಳು ಹಾಜರಿಲ್ಲವಂತೆ. ಅವತ್ತು ಸಂಜೆ ನಾನೇ, ನನ್ನ ಮುತ್ತಿನಂಥ ಅಕ್ಷರದಲ್ಲಿ, ‘ಯಾವುದೇ ಆಕ್ಷೇಪಣೆ ಇರುವುದಿಲ್ಲ’ ಎಂದು ಬರೆದೆ.

ಹೊರಡುವ ಮುಂಚೆ ಚಿಕ್ಕವ್ವನನ್ನು ಕೇಳಿದ್ದೆ, ಯಾಕೆ ಸುಮ್ಮನಾದೆ ಎಂದು. “ಹೆಂಗ ಹೇಳ್ಲೆವ್ವಾ? ಉಡಿ ತುಂಬಿಸ್ಕೊಂಡು ಎದುರಿಗೇ ನಿಂತು ಒಲ್ಲೆ ಅನ್ನಾಕ ಬರ್ತದೇನು? ಅದೂ ನೀನ ತುಂಬೀದಿ” ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

ಬೇಲಿ ಬಂತು. ನೆರಳು ಪ್ಯಾನೆಲ್ಲಿನ ಮೇಲೆ ಬೀಳುತ್ತದೆ ಎಂದು ಬೇವಿನ ಮರ ಕಡಿದರು. ಪ್ರಯೋಜನ ಯೋಜನೆಯ ಪ್ರಕಾರ ಊರಿಗೆ ಎರಡು ಸೋಲಾರ್ ದೀಪ, ಸಾಲಿಗೆ ಬಣ್ಣ, ಹೆಣ್ಣುಮಕ್ಕಳಿಗೆ ಮೂರು ದಿನದ ಹೊಲಿಗೆ ತರಬೇತಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನೇಯುವವರಿಗೆ ಹೊಲಿಯಲು ಕಲಿಸಲು ಬಂದ ಮೇಷ್ಟ್ರಿಗೆ ಗುಂಡಿ ಹಚ್ಚುವುದೂ ನೆಟ್ಟಗೆ ಬರುತ್ತಿರಲಿಲ್ಲ ಅಂತ ಊರೆಲ್ಲ ನಕ್ಕಿತು. ಒಂದು ದೀಪ ಬೇಲಿಯ ಗೇಟಿಗೇ ನಿಂತಿತು. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಕಂಪನಿಯವರು ಚಿಕ್ಕವ್ವನ ಫೋಟೋ ಹಾಕಿದರು. ಸೆರಗು ಒಡ್ಡಿ ನಗುತ್ತಿರುವ ಚಿಕ್ಕವ್ವ, ಕೆಳಗೆ ‘ಸಂತೃಪ್ತ ಫಲಾನುಭವಿ’. ಆ ಸಾಲನ್ನೂ ಬರೆದವಳು ನಾನು. ಗುತ್ತಿಗೆ ನವೀಕರಣ ಆಗಿತ್ತು.

ಅವರಿಬ್ಬರೂ ಓಣಿಯಲ್ಲಿ ಹಾಸು ಹಾಕಿ ನೋಡಿದರಂತೆ. ಹಾಲಿನ ಬೈಕು, ಗಟಾರದ ಮೇಲಿನ ಚಪ್ಪಡಿ, ಆಡು, ಕೋಳಿ. ಒಂದು ಸಲ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿ ಇಡೀ ಹಾಸೇ ಹರಿದುಹೋಯಿತು. ಆಮೇಲೆ ಬಿಟ್ಟರು. ತಯಾರಾದ ಹಾಸನ್ನು ಇಳಕಲ್ಲಿನಿಂದ ತರುವುದು ಒಂದೆರಡು ಮನೆಗೆ ಮಾತ್ರ ನೀಗಿತು, ಉಳಿದವರು ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿದರು. ನೆಗೆಣ್ಣಿ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕಸ ಹೊಡೆಯಲು ಹೋಗುತ್ತಾಳೆ.

ನಾನು ಆ ಕೆಲಸ ಬಿಟ್ಟ ಮೇಲೆ ಒಂದು ಅರ್ಜಿ ಬರೆದೆ. ಬೇಲಿಗೂ ಪ್ಯಾನೆಲ್ಲಿಗೂ ನಡುವೆ ಉದ್ದಕ್ಕೆ ಒಂದು ಪಟ್ಟಿ ಜಾಗ ಖಾಲಿ ಇದೆ. ನಸುಕಿನಲ್ಲಿ ಎರಡು ತಾಸು ಗೇಟು ತೆಗೆದರೆ ಹಾಸು ಹಾಕಬಹುದು, ಬಿಸಿಲು ಬರುವ ಮುಂಚೆ ಪ್ಯಾನೆಲ್ಲಿಗೂ ಕೆಲಸವಿಲ್ಲ. ಚಿಕ್ಕವ್ವನ ಸಹಿ ಇದ್ದರೆ ಕಾಗದಕ್ಕೆ ತೂಕ ಬರುತ್ತದೆ ಎಂದು ಅದನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಬಾಯಿಪಾಠ ಮಾಡಿದೆ.

ಚಿಕ್ಕವ್ವ ಎಂದಿನಂತೆ ರೊಟ್ಟಿ, ಝುಣಕ, ಹಿಂಡಿ ಬಡಿಸಿದಳು. ಅವ್ವನ ಕಾಲುನೋವು ಕೇಳಿದಳು. ಗೋಡೆಯ ಮೇಲೆ ಕ್ಯಾಲೆಂಡರು ಇರಲಿಲ್ಲ. ಉಂಡು ಕೈ ತೊಳೆದು ನಾನು ಚೀಲಕ್ಕೆ ಕೈ ಹಾಕಿ, “ಚಿಕ್ಕವ್ವ, ಒಂದು ಮಾತು” ಅಂದೆ.

“ಬಸ್ಸಿನ ಹೊತ್ತಾತು. ಕುಂಡ್ರು, ಉಡಿ ತುಂಬತೇನಿ” ಅಂದಳು.

ನಾನು ಸೆರಗು ಒಡ್ಡಿದೆ. ಒಡ್ಡದೆ ಇರುವುದು ನನಗೂ ಗೊತ್ತಿಲ್ಲ. ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು, ಮೇಲೆ ಒಂದು ಖಣ ಇಟ್ಟಳು. ಮಡಿಕೆ ಬಿಚ್ಚಿರಲಿಲ್ಲ. ಸೂರ್ಯನ ಚೀಟಿ ಹಾಗೇ ಇತ್ತು, ಗುಂಡುಪಿನ್ನಿಗೆ ತುಕ್ಕು ಹಿಡಿದಿತ್ತು. ನನ್ನ ಬಾಯಿ ತೆರೆಯಿತು.

“ತುಂಬಿದ ಉಡೀಲೆ ಮಾತಾಡಬಾರದವ್ವಾ” ಅಂದಳು ಚಿಕ್ಕವ್ವ, ನನ್ನ ಹಣೆಗೆ ಕುಂಕುಮ ಹಚ್ಚುತ್ತ.

ಅರ್ಜಿ ಚೀಲದಲ್ಲೇ ಉಳಿಯಿತು. ನಾನು ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಬಸ್ಸಿಗೆ ನಡೆದೆ.