ಕರುವಿನ ಕೊರಳಿನ ಬಿಲ್ಲೆ

"ಮಾನ್ಯ ಅಧ್ಯಕ್ಷರೇ" ಎಂದು ಆರಂಭಿಸದೆ ನನಗೆ ಸರಿಯಾಗಿ ಸಿಟ್ಟೂ ಬರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಜಾಡ್ಯವಿದು. ಸೊಪ್ಪಿನ ಕಟ್ಟು ಸಣ್ಣದಾದರೂ ಪೀಠಿಕೆಯಿಲ್ಲದೆ ಜಗಳವಾಡಲಾರೆ.

ಇಂಥ ನನಗೆ, ಅಮೆರಿಕದ ಕಾರ್ಮಿಕರ ಚರಿತ್ರೆ ಕೇಳಲು ರತ್ನಮ್ಮ ಸಿಕ್ಕಳು. ಗೌರಿಬಿದನೂರಿನಲ್ಲಿ ನಮ್ಮ ಪಕ್ಕದ ಮನೆಯವಳು. ಊರಾಚೆಯ ಹೊಲಿಗೆ ಕಾರ್ಖಾನೆಯಲ್ಲಿ ಶರ್ಟಿಗೆ ಕಾಲರ್ ಕೂಡಿಸುತ್ತಾಳೆ. ಒಂದು ಭಾನುವಾರ ಅವಳು ಕೊಟ್ಟಿಗೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು, ಪಕ್ಕದಲ್ಲಿ ಕುಳಿತ ನಾನು ಮಾತಿನಲ್ಲಿ ಷಿಕಾಗೋದಲ್ಲಿದ್ದೆ. ಎಂಟು ಗಂಟೆಯ ದುಡಿಮೆ ಕೇಳಿದವರಿಗೆ ಗುಂಡು, ನೇಣು. ಆ ನೆನಪಿಗೆ ಲೋಕವೆಲ್ಲ ಮೇ ದಿನ ಆಚರಿಸಿದರೆ, ಆ ದೇಶ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಸೆಪ್ಟೆಂಬರಿನಲ್ಲಿ ಕಾರ್ಮಿಕರಿಗೆ ರಜೆ ಕೊಡುತ್ತದೆ! ಬಳಿಕ ನ್ಯೂಯಾರ್ಕಿನ ಹೊಲಿಗೆ ಹುಡುಗಿಯರ ಕಥೆಗೆ ಬಂದೆ. ಬಟ್ಟೆ ಕದ್ದಾರೆಂದು ಬಾಗಿಲಿಗೆ ಬೀಗ ಹಾಕಿದ್ದರು. ಬೆಂಕಿ ಬಿದ್ದಾಗ ಬೀಗ ತೆರೆಯಲಿಲ್ಲ.

ರತ್ನಮ್ಮನ ಕೈ ನಿಂತಿತು. "ನಮ್ಮಲ್ಲಿ ಬೀಗ ಇಲ್ಲಕ್ಕ, ಬಿಲ್ಲೆ ಐತೆ."

ಹೊಲಿಗೆ ಮಿಷನ್ನುಗಳ ಇಡೀ ಸಾಲಿಗೆ ಒಂದೇ ಮರದ ಬಿಲ್ಲೆ. ಶೌಚಕ್ಕೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಳ್ಳಬೇಕು; ಅವಳು ಮರಳುವ ತನಕ ಇನ್ನೊಬ್ಬಳು ಏಳುವಂತಿಲ್ಲ.

"ತಡೆಯಲಾಗದಿದ್ದರೆ?"

"ಅದಕ್ಕೇ ನೀರೇ ಕುಡಿಯಲ್ಲ. ಉರಿಮೂತ್ರ ಆಗೈತೆ, ಹಿಂಗೇ ಆದ್ರೆ ಕಿಡ್ನಿಗೆ ಬರ್ತದೆ ಅಂತ ಡಾಕ್ಟ್ರು ಬೈತಾರೆ. ಸೂಪರ್‌ವೈಸರ್ ನೋಡಿದ್ರೆ, 'ಮನೇಲೂ ಇಷ್ಟು ಸಲ ಎದ್ದೋಗ್ತೀಯೇನಮ್ಮಾ?' ಅಂತ ನಗ್ತಾನೆ."

ಮಾನ್ಯ ಅಧ್ಯಕ್ಷರೇ! ಆ ಶರ್ಟುಗಳು ಹೋಗುವುದು ಅಮೆರಿಕಕ್ಕೆ. ಅಲ್ಲಿನ ಹುಡುಗಿಯರು ಪ್ರಾಣ ತೆತ್ತು ತೆರೆಸಿದ ಬಾಗಿಲು ಅಲ್ಲಿಯೇ ಉಳಿಯಿತು. ಹೊಲಿಗೆ ಮಾತ್ರ ಹಡಗು ಹತ್ತಿ ನಮ್ಮೂರಿಗೆ ಬಂತು. ಬಾಯಾರಿಕೆಗೂ ಅಪ್ಪಣೆ ಬೇಕೆಂದು ವಿಧಿಸಲು ಇವರು ಯಾರು? ಚಿಕ್ಕಬಳ್ಳಾಪುರದ ಕಾರ್ಮಿಕ ಇಲಾಖೆಗೆ ಮನವಿ ಬರೆಯಲು ಅಂದೇ ಕುಳಿತೆ.

ಮುಂದಿನ ಭಾನುವಾರ ಕರಡು ಹಿಡಿದು ಹೋದೆ. ಪೀಠಿಕೆ ಇನ್ನೂ ಷಿಕಾಗೋ ದಾಟಿರಲಿಲ್ಲ. ರತ್ನಮ್ಮ ಚೊಂಬೆತ್ತಿ ಗಟಗಟನೆ ನೀರು ಕುಡಿಯುತ್ತಿದ್ದಳು.

"ಬಿಲ್ಲೆ ಕಳೆದೋಯ್ತಕ್ಕ."

"ಹೊಸದು ಮಾಡಿಸುತ್ತಾರಲ್ಲ?"

"ಅದು ಬರೋಗಂಟ ಯಾರೂ ಏಳಂಗಿಲ್ಲ ಅಂದ ಸೂಪರ್‌ವೈಸರ್. ಸಾಲಿಗೆ ಸಾಲೇ ಎದ್ದೋದ್ವಿ. ಮಿಷನ್ನೆಲ್ಲಾ ನಿಂತೋದ್ವು. ಆಮೇಲೆ ಅವನೇ, 'ಬಿಲ್ಲೆನೂ ಬೇಡ ಏನೂ ಬೇಡ, ಹೋಗ್ಬನ್ರಮ್ಮಾ' ಅಂದ."

ಅಷ್ಟರಲ್ಲಿ ಕೊಟ್ಟಿಗೆಯಿಂದ ಕರು ಹೊರಬಂತು. ಕೊರಳಲ್ಲಿ ಗಂಟೆ, ಗಂಟೆಯ ಪಕ್ಕದಲ್ಲಿ ದುಂಡನೆಯ ಮರದ ಬಿಲ್ಲೆ.

"ರತ್ನಮ್ಮಾ!"

"ಅದಕ್ಕೆ ಚೆನ್ನಾಗಿ ಒಪ್ತದೆ, ಅಲ್ವೇನಕ್ಕ?"

ಕರು ನನ್ನ ಮನವಿಯನ್ನು ಮೂಸಿ, ಯಾರ ಅಪ್ಪಣೆಯನ್ನೂ ಕಾಯದೆ, ಬಾಲವೆತ್ತಿ ಅಲ್ಲಿಯೇ ಧಾರಾಳವಾಗಿ ತನ್ನ ವಾದ ಮಂಡಿಸಿತು. ನಾನು ಕಾಲು ಹಿಂದಕ್ಕೆಳೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ, ಪ್ರತಿವಾದವಿಲ್ಲದೆ ಒಪ್ಪಿಕೊಂಡೆ.